ಮೃದಂಗದ ಪೆಟ್ಟಿಗೆ ಗಾಯಕಿ ಸರಿಯುವುದೇಕೆ?

ಕರ್ನಾಟಕ ಸಂಗೀತ ಕಛೇರಿಯೊಂದರ ಸ್ಟೀರಿಯೊ ಧ್ವನಿಮುದ್ರಣವನ್ನು ತೆಗೆದುಕೊಳ್ಳಿ. ಕೇಳುಗರ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ನಡುವೆ ಗಾಯಕಿ. ನಡುವೆ ಸ್ಪೀಕರೇ ಇಲ್ಲ. ಎರಡೂ ಕಡೆಯಿಂದ ದನಿ ಒಂದೇ ಸಮನಾಗಿ ಬರುವುದರಿಂದ ಕಿವಿ ಅವರನ್ನು ಅಲ್ಲಿ ಕೂರಿಸುತ್ತದೆ. ಈಗ ಎಡಕ್ಕೊಂದು, ಬಲಕ್ಕೊಂದು ಬಿಡಿ ಕಂಪ್ರೆಸರ್ ಹಾಕಿದೆವು ಎನ್ನಿ. ಗೊತ್ತುಮಾಡಿದ ಮಿತಿ ದಾಟಿದ ಸದ್ದನ್ನು ತಗ್ಗಿಸುವುದು ಅದರ ಕೆಲಸ. ಮಿತಿ ಮೈನಸ್ 20 ಡೆಸಿಬೆಲ್, ಅನುಪಾತ 4ಕ್ಕೆ 1. ಮೃದಂಗದ ಗಟ್ಟಿ ಪೆಟ್ಟೊಂದು ಎಡ ಚಾನೆಲನ್ನು ಮೈನಸ್ 8ಕ್ಕೆ ಏರಿಸಿತು. ಮಿತಿ ಮೀರಿದ್ದು 12 ಡೆಸಿಬೆಲ್, ಅದರಲ್ಲಿ ಉಳಿಯುವುದು 3, ಕಡಿತವಾಗುವುದು 9. ಈ ಕಡಿತ ಬೀಳುವುದು ಮೃದಂಗದ ಮೇಲೆ ಮಾತ್ರವಲ್ಲ, ಎಡ ಚಾನೆಲ್‌ನಲ್ಲಿರುವ ಗಾಯಕಿಯ ದನಿಯ ಮೇಲೂ. ಬಲ ಚಾನೆಲ್ ಇದ್ದ ಹಾಗೇ ಇದೆ. ಹೀಗಾಗಿ ಒಂದೊಂದು ಪೆಟ್ಟಿಗೂ ಗಾಯಕಿ ಪಿಟೀಲಿನ ಕಡೆ ಅರ್ಧ ದಾರಿಗೂ ಹೆಚ್ಚು ವಾಲುತ್ತಾರೆ, ಕಂಪ್ರೆಸರ್ ಬಿಗಿ ಬಿಟ್ಟಂತೆ ಮತ್ತೆ ನಡುವಿಗೆ ಬರುತ್ತಾರೆ.

ಇದಕ್ಕೆ ಪರಿಹಾರ ಲಿಂಕ್. ಕಂಪ್ರೆಸರ್‌ನೊಳಗೆ ಸದ್ದು ಹಾಯುವ ದಾರಿ ಒಂದು, ಸದ್ದನ್ನು ಅಳೆದು ಎಷ್ಟು ತಗ್ಗಿಸಬೇಕೆಂದು ಹೇಳುವ ಸೈಡ್‌ಚೈನ್ ಇನ್ನೊಂದು. ಎರಡು ಚಾನೆಲ್‌ಗಳ ಸೈಡ್‌ಚೈನ್ ಕೂಡಿಸಿದರೆ ಎರಡಕ್ಕೂ ಒಂದೇ ಕಡಿತ, ಗಾಯಕಿ ಕದಲುವುದಿಲ್ಲ. ಕೂಡಿಸುವ ಬಗೆಯೂ ಮುಖ್ಯ. ಎರಡು ಸಿಗ್ನಲ್‌ಗಳನ್ನು ಸುಮ್ಮನೆ ಕೂಡಿದರೆ, ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುವ ಕಡೆ ಅವು ಪರಸ್ಪರ ಅಳಿಸಿಹೋಗಿ, ಅಳೆಯುವ ಭಾಗಕ್ಕೆ ಏನೂ ಕಾಣುವುದಿಲ್ಲ. ಅದಕ್ಕೇ ಎರಡರಲ್ಲಿ ದೊಡ್ಡದನ್ನು ಹಿಡಿಯಬೇಕು, ಇಲ್ಲವೇ ಶಕ್ತಿಗಳನ್ನು ಕೂಡಬೇಕು.

ಎರಡಕ್ಕೆ ಒಳ್ಳೆಯದಾದದ್ದು ಆರಕ್ಕೂ ಒಳ್ಳೆಯದು ಎಂದು 5.1 ಎಂಬ ಆರು ಚಾನೆಲ್‌ಗಳ ಮಿಕ್ಸ್‌ನ ಎಲ್ಲ ಚಾನೆಲ್‌ಗಳನ್ನೂ ಲಿಂಕ್ ಮಾಡುವುದು ಮಾತ್ರ ತಪ್ಪು ಎಂಬುದು ನನ್ನ ವಾದ. ಸಿನಿಮಾದಲ್ಲಿ ಮಾತು ಸಾಮಾನ್ಯವಾಗಿ ನಡು ಚಾನೆಲ್‌ನಲ್ಲಿ. ಸ್ಫೋಟದ ಗುಡುಗು ಎಲ್‌ಎಫ್‌ಇ ಎಂಬ ಮಂದ್ರದ ಚಾನೆಲ್‌ನಲ್ಲಿ. ಎಲ್ಲವೂ ಲಿಂಕ್ ಆಗಿದ್ದರೆ ಬಾಂಬ್ ಸಿಡಿದ ಕ್ಷಣವೇ ಮಾತೂ ತಗ್ಗುತ್ತದೆ. ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಬೇಕಾದ ಹೊತ್ತೂ ಅದೇ. ಯಾರನ್ನು ಅಳೆಯಬೇಕು, ಯಾರನ್ನು ತಗ್ಗಿಸಬೇಕು ಎಂಬುವು ಬೇರೆಬೇರೆ ಪ್ರಶ್ನೆಗಳು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್.1770 ಮಾನದಂಡ ನೋಡಿ: ಕಾರ್ಯಕ್ರಮದ ಗಟ್ಟಿತನ ಅಳೆಯುವಾಗ ಅದು ಎಲ್‌ಎಫ್‌ಇಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಿಂಬದಿಯ ಸರೌಂಡ್ ಚಾನೆಲ್‌ಗಳಿಗೆ ಸುಮಾರು 1.5 ಡೆಸಿಬೆಲ್ ಹೆಚ್ಚು ತೂಕ ಕೊಡುತ್ತದೆ. ಅದು ಮೀಟರ್‌ಗಾಗಿ ಬರೆದ ಮಾನದಂಡ, ಕಂಪ್ರೆಸರ್‌ಗಲ್ಲ, ನಿಜ. ಆದರೂ ಎಲ್ಲ ಚಾನೆಲ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ತಿಳಿವಳಿಕೆ ಅದರಲ್ಲಿದೆ. ಗ್ರಾಮಫೋನ್ ಕಾಲದಲ್ಲೂ ಈ ತಿಳಿವಳಿಕೆ ಇತ್ತು. ಸ್ಟೀರಿಯೊ ತಟ್ಟೆಯಲ್ಲಿ ಎಡಬಲಗಳ ವ್ಯತ್ಯಾಸ ಮುಳ್ಳನ್ನು ಮೇಲೆ ಕೆಳಗೆ ಕುಣಿಸುತ್ತದೆ, ಅತಿಯಾದರೆ ಮುಳ್ಳು ಗೆರೆ ಬಿಟ್ಟು ಹಾರುತ್ತದೆ. ಆದ್ದರಿಂದ ಫೇರ್‌ಚೈಲ್ಡ್ 670 ಎಂಬ ಕಂಪ್ರೆಸರ್ ಯಂತ್ರದಲ್ಲಿ ಎಡಬಲಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಬೇರೆಬೇರೆಯಾಗಿ ತಗ್ಗಿಸುವ ಸೌಲಭ್ಯವಿತ್ತು.

ನಡು ಚಾನೆಲನ್ನು ಬೇರೆ ಮಾಡಿದರೆ ಮುಂಭಾಗದ ಸಂಗೀತ ಒಡೆಯುವುದಿಲ್ಲವೇ ಎಂದು ಕೇಳಬಹುದು. ವಾದ್ಯಗಳು ಎಡ, ನಡು, ಬಲ ಮೂರರಲ್ಲೂ ಹರಡಿದ್ದರೆ ಖಂಡಿತ ಒಡೆಯುತ್ತದೆ. ಅಲ್ಲಿ ಮೂರನ್ನೂ ಒಂದೇ ಗುಂಪಿಗೆ ಸೇರಿಸಬೇಕು. ನಡುವೆ ಬರೀ ಮಾತಿದ್ದರೆ ಆ ಭಯವಿಲ್ಲ. 5.1 ಅನ್ನು ಸ್ಟೀರಿಯೊಗೆ ಇಳಿಸಿದಾಗ ಮಾತು-ಸಂಗೀತಗಳ ಪ್ರಮಾಣ ಏರುಪೇರಾದೀತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದು ಇಳಿಸಿದ ರೂಪವನ್ನೂ ಕೇಳಿ ನೋಡಬೇಕು ಎನ್ನುವುದಕ್ಕೆ ಕಾರಣವೇ ಹೊರತು ಎಲ್ಲವನ್ನೂ ಲಿಂಕ್ ಮಾಡುವುದಕ್ಕಲ್ಲ. ಕಡಿತವನ್ನು ಪೂರ್ತಿ ಹಂಚದೆ ಶೇಕಡಾ 50ರ ಅರೆ ಲಿಂಕ್ ಇಟ್ಟರೆ ಸಾಲದೇ ಎಂಬುವರೂ ಇದ್ದಾರೆ. ಮುಂದಿನ ಎಡಬಲಗಳ ನಡುವೆ ನಾನದನ್ನು ಒಪ್ಪುವುದಿಲ್ಲ, ಗಾಯಕಿಯ ವಾಲುವಿಕೆ ಅಲ್ಲಿ ಕಡಿಮೆಯಾದೀತು, ನಿಲ್ಲುವುದಿಲ್ಲ. ಮುಂಭಾಗಕ್ಕೂ ಸರೌಂಡ್‌ಗೂ ನಡುವೆ ಅದು ಸರಿಯೇ: ಹಿಂದಿನಿಂದ ಬರುವ ಮಳೆಯೋ ಜನಜಂಗುಳಿಯೋ ಮುಂದಿನ ದನಿಯೊಂದಿಗೆ ಸೇರಿ ಒಂದು ಬಿಂದುವಾಗಿ ನಿಲ್ಲಬೇಕಾಗಿಲ್ಲ. ಎಲ್‌ಎಫ್‌ಇಗೆ ಅದರದೇ ಲಿಮಿಟರ್, ಅಂದರೆ ಸದ್ದನ್ನು ಮಿತಿ ದಾಟಲು ಬಿಡದ ಕಂಪ್ರೆಸರ್, ಒಂದಿದ್ದರೆ ಸಾಕು.