40 ಕೆಬಿಯ ಬೇಸಿಗೆ ರಜೆ

ತೊಂಬತ್ತರ ದಶಕದ ನಡುವಿನ ಮಾತು. ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ಸುತ್ತಮುತ್ತಲ ವಿಡಿಯೋ ಲೈಬ್ರರಿಗಳಲ್ಲಿ ಸಿನಿಮಾ ಕ್ಯಾಸೆಟ್ಟುಗಳಿಗಿಂತ ಅವುಗಳ ಪಕ್ಕದ ಕಪಾಟಿಗೇ ಗಿರಾಕಿ ಜಾಸ್ತಿ. ಅಲ್ಲಿದ್ದವು ಹಳದಿ, ಕೆಂಪು, ನೀಲಿ ಪ್ಲಾಸ್ಟಿಕ್ಕಿನ ಅಂಗೈಯಗಲದ ಡಬ್ಬಿಗಳು. ಕಾರ್ಟ್ರಿಜ್ ಎಂಬ ಹೆಸರು ಯಾರಿಗೆ ಗೊತ್ತಿತ್ತು? ನಮಗೆ ಅವೂ ಕ್ಯಾಸೆಟ್ಟುಗಳೇ. ದಿನಬಾಡಿಗೆಗೆ ತಂದು, ಬಿಪಿಎಲ್ ಟಿವಿಯ ಆಂಟೆನಾ ವೈರು ಕಿತ್ತು ‘ಮೀಡಿಯಾ’ ವಿಡಿಯೋ ಗೇಮಿನ ವೈರು ಸಿಕ್ಕಿಸಿ, ಚಾನೆಲ್ ಹುಡುಕುತ್ತ ಕೂತರೆ ಚುಕ್ಕಿಮಳೆಯೊಳಗಿಂದ ಮಾರಿಯೊ ಪ್ರತ್ಯಕ್ಷನಾಗುತ್ತಿದ್ದ. ಆಗದಿದ್ದರೆ ಕ್ಯಾಸೆಟ್ ಎಳೆದು ‘ಉಫ್’ ಎಂದು ಊದುವುದು. ಊದಿದ್ದರಿಂದ ಏನೂ ಸರಿಹೋಗುತ್ತಿರಲಿಲ್ಲ ಎಂದು ಗೊತ್ತಾದದ್ದು ಬಹಳ ತಡವಾಗಿ. ತೆಗೆದು ಮತ್ತೆ ಕೂರಿಸಿದಾಗ ಪಿನ್ನುಗಳು ಸರಿಯಾಗಿ ತಾಗುತ್ತಿದ್ದವು, ಅಷ್ಟೆ. ನಮ್ಮ ಉಸಿರಿನ ತೇವ ಆ ಪಿನ್ನುಗಳಿಗೆ ಕೆಡುಕನ್ನೇ ಮಾಡುತ್ತಿತ್ತು.

ಈ ಮಾರಿಯೊ ಜಪಾನಿನ ಕ್ಯೋಟೊದಿಂದ ಜಯನಗರಕ್ಕೆ ಬಂದದ್ದು ಹಿತ್ತಲ ಬಾಗಿಲಿನಿಂದ. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ‘ಫ್ಯಾಮಿಕಾಮ್’ ಯಂತ್ರವನ್ನು ಬಿಡುಗಡೆ ಮಾಡಿದಾಗ, ನಕಲಿ ಕ್ಯಾಸೆಟ್ಟುಗಳನ್ನು ತಡೆಯುವ ಚಿಪ್ಪನ್ನು ಅದರಲ್ಲಿ ಇಟ್ಟಿರಲಿಲ್ಲ. ಎರಡು ವರ್ಷದ ನಂತರ ಅಮೆರಿಕದ ಮಾದರಿಗೆ ಆ ಬೀಗ ಜಡಿದರು. ಅಷ್ಟರಲ್ಲಿ ಬೀಗವಿಲ್ಲದ ಯಂತ್ರವನ್ನು ತೈವಾನಿನವರು ಬಿಚ್ಚಿ ನೋಡಿಯಾಗಿತ್ತು. ಅದರ ತದ್ರೂಪುಗಳು ಬೇರೆ ಬೇರೆ ಹೆಸರಿನಲ್ಲಿ ಅರ್ಧ ಜಗತ್ತಿಗೆ ಹೋದವು. ಭಾರತಕ್ಕೆ ಬಂದವುಗಳಲ್ಲಿ ನಮ್ಮ ಮೀಡಿಯಾ ಒಂದು. ಅಸಲಿ ಮಾಲು ಸಿಗುತ್ತಲೇ ಇರಲಿಲ್ಲ ಎಂದೇನಲ್ಲ. 1995ರಲ್ಲಿ ಮದ್ಯದ ವ್ಯಾಪಾರಕ್ಕೆ ಹೆಸರಾದ ಶಾ ವ್ಯಾಲೇಸ್ ಕಂಪನಿ ಸೆಗಾ ಎಂಬ ಇನ್ನೊಂದು ಕಂಪನಿಯ ಆಟದ ಯಂತ್ರವನ್ನು ಇಲ್ಲಿ ಮಾರಲು ಹೊರಟಿತ್ತು. ಬೆಲೆ 18,000 ರೂಪಾಯಿ! ಆ ದುಡ್ಡಿಗೆ ಮನೆಗೆ ಕಲರ್ ಟಿವಿಯೇ ಬರುತ್ತಿತ್ತು.

ನಕಲಿಯಾದರೇನು, ಒಳಗಿನ ಆಟ ಅಪ್ಪಟ. 1985ರಲ್ಲಿ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ ರೂಪಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ನ ಒಟ್ಟು ತೂಕ 40 ಕೆಬಿ. ಬೆಳಗಾದರೆ ವಾಟ್ಸ್‌ಆ್ಯಪ್ಪಿನಲ್ಲಿ ಬಂದು ಬೀಳುವ ಶುಭೋದಯದ ಚಿತ್ರವೇ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ 32 ಹಂತ, ಸಂಗೀತ, ಬೆಂಕಿ ಉಗುಳುವ ರಾಕ್ಷಸ ಎಲ್ಲ ಹಿಡಿಯಬೇಕು. ಹೀಗಾಗಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಹಳೇ ಸೀರೆಯಲ್ಲಿ ಲಂಗವನ್ನೂ ಕೌದಿಯನ್ನೂ ಹೊಲಿಯುವ ಅಜ್ಜಿಯರ ಜಾಣತನ ಇದು.

ಇನ್ನೂ ಸೊಗಸಾದದ್ದು ಮೊದಲ ಹಂತ. ಅದರಲ್ಲಿ ಹೇಗೆ ಆಡಬೇಕೆಂದು ಹೇಳುವ ಒಂದು ಸಾಲೂ ಇಲ್ಲ. ಮೊದಲು ಎದುರಿಗೊಂದು ಕಂದು ಬಣ್ಣದ ಜೀವಿ ಬರುತ್ತದೆ. ಮುಟ್ಟಿದರೆ ಸಾವು, ಹಾರಿ ತುಳಿದರೆ ಗೆಲುವು. ಮುಂದೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ಗುದ್ದಿದರೆ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೊಳವೆಗೆ ಬಡಿದು, ತಿರುಗಿ ನಮ್ಮತ್ತಲೇ ಬರುತ್ತದೆ. ಗಾಬರಿಯಾಗಿ ಹಾರೋಣವೆಂದರೆ ತಲೆಯ ಮೇಲೆ ಇಟ್ಟಿಗೆ ಸಾಲು. ಹೇಗೂ ಡಿಕ್ಕಿ ಹೊಡೆಯುತ್ತೇವೆ, ಹೊಡೆದರೆ ಸಾಯುವುದಿಲ್ಲ, ಬೆಳೆಯುತ್ತೇವೆ! ಇಂಗ್ಲಿಷ್ ಓದಲು ಬಾರದ ನಾಲ್ಕು ವರ್ಷದ ತಂಗಿಯೂ ಐದು ನಿಮಿಷದಲ್ಲಿ ಕಲಿತಳು. ಇದಕ್ಕಿಂತ ಒಳ್ಳೆಯ ಮೇಷ್ಟರನ್ನು ನಾನಂತೂ ಕಂಡಿಲ್ಲ.

ಆ ಆಟದಲ್ಲಿ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದುವರಿಸುವ ಸೌಕರ್ಯ ಇರಲಿಲ್ಲ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಇದರ ಅರ್ಥ ಏನೆಂದು ಕರೆಂಟು ಹೋದ ಮನೆಯವರಿಗೇ ಗೊತ್ತು. ಎಂಟನೇ ಲೋಕದವರೆಗೆ ಬಂದವನು ಫ್ಯಾನು ನಿಂತ ಸದ್ದಿಗೆ ಕಲ್ಲಾಗಿ ಕೂರುತ್ತಿದ್ದ. ಕರೆಂಟು ಹೋಗದಿದ್ದರೆ ತಾತ ಇದ್ದರು: “ಪಿಕ್ಚರ್ ಟ್ಯೂಬ್ ಸುಟ್ಟು ಹೋಗತ್ತೆ, ಆಫ್ ಮಾಡ್ರೋ!”

‘ಕಾಂಟ್ರಾ’ದ ಕತೆಯೇ ಬೇರೆ. ಕೊನಾಮಿ ಕಂಪನಿಯ ಈ ಆಟವನ್ನು ಇಬ್ಬರೂ ಒಟ್ಟಿಗೇ ಆಡಬಹುದು. ಹಾಗಾಗಿ ಒಟ್ಟಿಗೇ ಜಗಳವನ್ನೂ ಆಡಬಹುದು. ಜಲಪಾತದ ಹಂತದಲ್ಲಿ ಒಬ್ಬ ಬೇಗ ಮೇಲೆ ಹತ್ತಿದರೆ ಪರದೆ ಮೇಲಕ್ಕೆ ಸರಿದು ಕೆಳಗಿದ್ದವನು ಸಾಯುತ್ತಾನೆ. “ಲೇ, ನಿಲ್ಲೋ, ನಾನ್ ಸಾಯ್ತೀನಿ ಕಣೋ” ಎಂಬ ಕೂಗು ಜೆ.ಪಿ. ನಗರದ ಮಹಡಿ ಮನೆಗಳಿಂದ ಬೀದಿಗೆ ಕೇಳುತ್ತಿತ್ತು. ಮೂವತ್ತು ಲೈಫ್ ಕೊಡುವ ಮಂತ್ರ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕಝುಹಿಸಾ ಹಶಿಮೊಟೊ ಎಂಬ ಕೊನಾಮಿ ಉದ್ಯೋಗಿ 1986ರ ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವಾಗ, ತನಗೇ ಅದು ಕಷ್ಟವೆನಿಸಿ ಇಟ್ಟುಕೊಂಡ ಕಳ್ಳದಾರಿ ಅದು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಅದು ಬನಶಂಕರಿಯ ಶಾಲೆಯ ಕೊನೇ ಬೆಂಚಿನವರೆಗೆ ಬಾಯಿಂದ ಬಾಯಿಗೇ ಬಂದು ಮುಟ್ಟಿತ್ತು.

ಮೋಸವೂ ಇತ್ತು. ‘9999 ಆಟ’ ಎಂದು ಬರೆದ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದದ್ದು ಬೆರಳೆಣಿಕೆಯ ಆಟ. ಮಿಕ್ಕವೆಲ್ಲ ಅದೇ ಮಾರಿಯೊ, ಬೇರೆ ಬೇರೆ ಹಂತದಿಂದ ಶುರು.

2000ದ ಹೊತ್ತಿಗೆ ಆಟ ಮನೆಯಿಂದ ಸೈಬರ್ ಕೆಫೆಗೆ ಹೋಯಿತು. ಇಂಜಿನಿಯರಿಂಗ್ ಕಾಲೇಜುಗಳಿದ್ದ ಬನಶಂಕರಿ, ಪಿಜಿಗಳು ತುಂಬಿದ ಬಿಟಿಎಂ ಬಡಾವಣೆಯ ಕೆಫೆಗಳಲ್ಲಿ ಸಂಜೆಯಾದರೆ ‘ಕೌಂಟರ್ ಸ್ಟ್ರೈಕ್’. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು 1999ರಲ್ಲಿ ‘ಹಾಫ್ ಲೈಫ್’ ಎಂಬ ಬೇರೊಂದು ಆಟದ ಮೇಲೆ ಕಟ್ಟಿದ್ದು ಇದು. ಇದರಲ್ಲಿ ಸತ್ತವನು ಆ ಸುತ್ತು ಮುಗಿಯುವ ತನಕ ಏಳುವಂತಿಲ್ಲ. ಕಬಡ್ಡಿಯಲ್ಲಿ ಔಟಾದವನು ಗೆರೆಯಾಚೆ ಕೂತಂತೆ ಕೂತು ನೋಡಬೇಕು. ಕೂತವನು ಸುಮ್ಮನಿರುತ್ತಾನೆಯೇ? ಬದುಕಿರುವ ಗೆಳೆಯನ ಕುರ್ಚಿಯ ಹಿಂದೆ ನಿಂತು ಸಲಹೆ ಕೊಡುತ್ತಾನೆ. ಹೀಗೆ ಒಬ್ಬ ಆಡಿದರೆ ನಾಲ್ವರು ಉಸಿರು ಬಿಗಿಹಿಡಿಯುವ ಜಾತ್ರೆಯಾಯಿತು ಅದು. ಇಂದಿನ ಎಷ್ಟೋ ಆಟಗಳಲ್ಲಿ ಸತ್ತವರು ಕ್ಷಣದಲ್ಲೇ ಎದ್ದು ಓಡುತ್ತಾರೆ. ಅದರಲ್ಲೇನು ಸ್ವಾರಸ್ಯ!

‘ಆಟ ಹೊಟ್ಟೆಗೆ ಹಿಟ್ಟು ಕೊಡತ್ತಾ’ ಎನ್ನುತ್ತಿದ್ದ ಹಿರಿಯರಿಗೆ ಇದೇ ಊರಿನಲ್ಲಿ ಉತ್ತರ ತಯಾರಾಗುತ್ತಿತ್ತು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರ್ಯಾಕ್ಟಿವ್ ಹೊರದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಕೆಲಸ ಮಾಡಿ ಬೆಳೆಯಿತು. 2019ರಲ್ಲಿ ಅದನ್ನು ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು.

ಹಳೆಯ ಆಟಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ, ‘ಡಕ್ ಹಂಟ್’ ಹೊರತು. ಫೋನಿನಲ್ಲಿ ಬೆರಳಿಂದ ಬಾತುಕೋಳಿ ಒತ್ತಬಹುದು, ಹೊಡೆಯಲಾಗದು. ಅದನ್ನು ಆಡಲು ಟಿವಿಯತ್ತ ಗುರಿಯಿಡುವ ಪಿಸ್ತೂಲು ಬೇಕು. ಆ ಪಿಸ್ತೂಲಿನ ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗುರಿ ಸರಿಯಿದ್ದರೆ ಪಿಸ್ತೂಲಿನೊಳಗಿನ ಬೆಳಕಿನ ಕಣ್ಣು ಆ ಚೌಕವನ್ನು ಕಾಣುತ್ತದೆ. ಪಿಕ್ಚರ್ ಟ್ಯೂಬಿನ ವೇಗಕ್ಕೆ ಹೊಂದಿಸಿದ ಈ ಲೆಕ್ಕ ಇಂದಿನ ತೆಳು ಟಿವಿಗಳಲ್ಲಿ ನಡೆಯುವುದಿಲ್ಲ. ಆದ್ದರಿಂದ ನಿಮ್ಮ ಮನೆಯ ಅಟ್ಟದಲ್ಲಿ ಆ ಪಿಸ್ತೂಲು ಇನ್ನೂ ಇದ್ದರೆ, ಪಕ್ಕದಲ್ಲಿರುವ ಡಬ್ಬಾ ಟಿವಿಯನ್ನು ಗುಜರಿಯವರಿಗೆ ಹಾಕಬೇಡಿ.