ವಾರಕ್ಕೊಮ್ಮೆಯ ಗುಳಿಗೆ

ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಬಿಗಿದುಕೊಂಡು, ಮುಷ್ಟಿ ಕಟ್ಟಲಾಗದೆ, ಗಂಟೆಹೊತ್ತು ಕಳೆದ ಮೇಲೆ ಮೆಲ್ಲಗೆ ಸಡಿಲಗೊಳ್ಳುವ ಒಂದು ಬೇನೆಯುಂಟು. ವೈದ್ಯರು ಇದಕ್ಕೆ ರುಮಟಾಯ್ಡ್ ಸಂಧಿವಾತವೆನ್ನುತ್ತಾರೆ. ಕೈಯ ದುಡಿಮೆಯನ್ನೇ ನಂಬಿ ಈ ದೂರದ ಊರಿಗೆ ಬಂದ ನಮ್ಮಂಥವರಿಗೆ, ಗುಮಾಸ್ತರಾಗಲಿ ಯಂತ್ರದ ಮುಂದೆ ನಿಲ್ಲುವವರಾಗಲಿ, ಇದು ಅನ್ನಕ್ಕೇ ಕುತ್ತು ತರುವ ರೋಗ. ಇದಕ್ಕೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಔಷಧಿ ಮೆಥೋಟ್ರೆಕ್ಸೇಟ್. ಅದರ ಗುಣವನ್ನೂ ಅವಗುಣವನ್ನೂ ವಾಚಕರು ತಿಳಿದಿರುವುದು ಒಳ್ಳೆಯದು.

ನಮ್ಮ ದೇಹದೊಳಗೆ ಹೊರಗಿನ ರೋಗಾಣುಗಳೊಡನೆ ಹೋರಾಡುವ ಕಾವಲು ಪಡೆಯೊಂದಿದೆ. ಕೆಲವರಲ್ಲಿ ಅದು ದಾರಿ ತಪ್ಪಿ, ತನ್ನವರನ್ನೇ ಪರಕೀಯರೆಂದು ಬಗೆದು, ಕೀಲುಗಳ ಒಳಪೊರೆಯ ಮೇಲೆ ಏರಿಹೋಗುತ್ತದೆ. ಕೀಲು ಊದುತ್ತದೆ, ವರುಷಗಳು ಉರುಳಿದಂತೆ ಮೂಳೆ ಸವೆದು ಬೆರಳು ಸೊಟ್ಟಗಾಗುತ್ತದೆ. ನೋವಿನ ಗುಳಿಗೆ ನೋವನ್ನು ಮರೆಸೀತೇ ಹೊರತು ಈ ಸವೆತವನ್ನು ತಡೆಯದು. ಮೆಥೋಟ್ರೆಕ್ಸೇಟ್ ಆ ಕಾವಲು ಪಡೆಯ ಅತಿರೇಕವನ್ನೇ ತಗ್ಗಿಸುತ್ತದೆ.

ಇದರ ಹಿಂದಿನ ಕಥೆಯೂ ಕುತೂಹಲಕರವಾದುದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರ ತಿನ್ನಿಸಿದರೆ ಅದು ವಾಸಿಯಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಜೀವಸತ್ತ್ವವೇ ಫೋಲಿಕ್ ಆಮ್ಲ. ಭೀಮವರದಲ್ಲಿ ಹುಟ್ಟಿ ಅಮೆರಿಕ ಸೇರಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಬಳಗ ಮುಂದೆ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು. ಅದಕ್ಕೆ ಎದುರಾಗಿ ನಿಲ್ಲುವ ಔಷಧಿಗಳನ್ನೂ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ಕುಲದ ಮೆಥೋಟ್ರೆಕ್ಸೇಟಿಗೆ 1988ರಲ್ಲಿ ಸಂಧಿವಾತಕ್ಕೂ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆದುದರಿಂದ ಯಾರಾದರೂ 'ಇದು ಕ್ಯಾನ್ಸರ್ ಔಷಧಿ' ಎಂದು ಹೆದರಿಸಿದರೆ ಗಾಬರಿಯಾಗಬೇಡಿ. ಹೆಸರು ಒಂದೇ, ಕೀಲಿಗೆ ಕೊಡುವ ಪ್ರಮಾಣ ಬಹಳ ಕಡಿಮೆ.

ಇನ್ನು ಮುಖ್ಯ ವಿಷಯ. ಸಂಧಿವಾತಕ್ಕೆ ಈ ಗುಳಿಗೆಯನ್ನು ತಿನ್ನಬೇಕಾದುದು ವಾರಕ್ಕೆ ಒಂದೇ ದಿನ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಮಿನವರೆಗೆ. ಔಷಧಿಯು ಜೀವಕೋಶಗಳೊಳಗೆ ಅನೇಕ ದಿನ ಉಳಿಯುವುದರಿಂದ ಅಷ್ಟು ಸಾಕು. ನಿತ್ಯವೂ ತಿಂದವರ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಅಪಾಯ ಬಂದ ಪ್ರಸಂಗಗಳು ಅನೇಕ ದೇಶಗಳಲ್ಲಿ ನಡೆದಿವೆ. ನಮಗೆ ಇಲ್ಲಿ ಭಾಷೆಯ ತೊಡಕೂ ಉಂಟು. ಗುಜರಾತಿಯಲ್ಲಿ 'ಎಕ್ ವಾರ್' ಎಂದರೆ 'ಒಂದು ಸಲ' ಎಂದರ್ಥ, ವಾರವೆಂದಲ್ಲ. ವಾರಕ್ಕೆ 'ಅಠವಾಡಿಯು', ದಿನವೂ ಎಂಬುದಕ್ಕೆ 'ರೋಜ್'. ಅಂಗಡಿಯವನು ಏನು ಹೇಳಿದನೆಂಬುದರಲ್ಲಿ ಸಂದೇಹವಿದ್ದರೆ ಎರಡನೆಯ ಸಲ ಕೇಳಲು ನಾಚಬೇಡಿ. ಒಂದು ದಿನವನ್ನು ಗೊತ್ತುಮಾಡಿಕೊಂಡು, ಗುಳಿಗೆಯ ಪಟ್ಟಿಯ ಮೇಲೆ ಕನ್ನಡದಲ್ಲೇ 'ಗುರುವಾರ ಮಾತ್ರ' ಎಂಬಂತೆ ಬರೆದಿಡಿ.

ಇದರೊಡನೆ ಬೇರೊಂದು ದಿನ ತಿನ್ನಲು ಫೋಲಿಕ್ ಆಮ್ಲದ ಗುಳಿಗೆಯನ್ನೂ ಕೊಡುತ್ತಾರೆ. ಓಕರಿಕೆ, ಬಾಯಿಹುಣ್ಣು ಮುಂತಾದ ತೊಂದರೆಗಳನ್ನು ಅದು ಕಡಿಮೆ ಮಾಡುತ್ತದೆ. ಎರಡೂ ಗುಳಿಗೆ ಹಳದಿಯಾಗಿರಬಹುದು. ಬಣ್ಣ ನೋಡಿ ತಿನ್ನದೆ ಹೆಸರು ಓದಿ ತಿನ್ನಿರಿ.

ತಿಂದ ಮರುದಿನ ಸುಸ್ತು, ಓಕರಿಕೆ, ಸ್ವಲ್ಪ ಕೂದಲು ಉದುರುವುದು, ಇವು ಸಾಮಾನ್ಯ. ಯಕೃತ್ತಿಗೂ ರಕ್ತಕಣಗಳಿಗೂ ಆಗುವ ತೊಂದರೆ ಮಾತ್ರ ಹೊರಗೆ ಕಾಣದು. ಅದಕ್ಕಾಗಿಯೇ ಮೊದಲು ಕೆಲವು ವಾರಗಳಿಗೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಇದನ್ನು ಖರ್ಚೆಂದು ಬಿಡಬಾರದು. ಜ್ವರ, ಒಣಕೆಮ್ಮಿನೊಡನೆ ಉಬ್ಬಸ, ಬಾಯಿತುಂಬ ಹುಣ್ಣು, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಗುಳಿಗೆ ತಿನ್ನದೆ ಅಂದೇ ವೈದ್ಯರನ್ನು ಕಾಣಬೇಕು. ಅಹಮದಾಬಾದಿನ ಬಿಸಿಲಿನಲ್ಲಿ ವಾಂತಿಭೇದಿಯಾಗಿ ಮೈಯ ನೀರು ಆರಿದಾಗಲೂ ಹಾಗೆಯೇ. ಈ ಔಷಧಿ ಹೊರಹೋಗುವುದು ಮೂತ್ರಪಿಂಡದ ಮೂಲಕ.

ಮದ್ಯ ವರ್ಜ್ಯ. ಗುಜರಾತಿನಲ್ಲಿ ನಿಷೇಧವಿದೆ ಸರಿ, ರಜೆಗೆ ಊರಿಗೆ ಹೋದಾಗಲೂ ಇದನ್ನು ನೆನಪಿಡಬೇಕು. ಅಂಗಡಿಯಿಂದ ನೀವಾಗಿಯೇ ಬೇರೆ ಗುಳಿಗೆ ತಂದು ಸೇರಿಸಬೇಡಿ. ಕೋಟ್ರೈಮೋಕ್ಸಜೋಲ್ ಎಂಬುದಂತೂ ಇದರೊಡನೆ ಅಪಾಯಕರ. ಮನೆಯಲ್ಲಿ ಕ್ಷಯದ ರೋಗಿಯಿದ್ದರೆ ಮೊದಲೇ ತಿಳಿಸಿರಿ. ಗರ್ಭಿಣಿಯರು ಇದನ್ನು ಸರ್ವಥಾ ತಿನ್ನಕೂಡದು, ಶಿಶುವಿಗೆ ಹಾನಿಯುಂಟು. ಮಗುವಿನ ಯೋಚನೆಯಿರುವ ದಂಪತಿಗಳು ತಿಂಗಳುಗಳ ಮುಂಚೆಯೇ ವೈದ್ಯರಿಗೆ ಹೇಳಬೇಕು.

ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ವಾರ ತಿಂದು 'ಏನೂ ಆಗಲಿಲ್ಲ'ವೆಂದು ಬಿಡುವವರೂ, ಗುಣವಾಯಿತೆಂದು ನಡುವೆ ನಿಲ್ಲಿಸುವವರೂ ಕೀಲನ್ನು ಕಳೆದುಕೊಳ್ಳುತ್ತಾರೆ. ಊರಿಗೆ ಹೊರಡುವಾಗ ಗುಳಿಗೆಯನ್ನೂ ರಕ್ತಪರೀಕ್ಷೆಯ ಕಾಗದಗಳನ್ನೂ ಜೊತೆಗಿಟ್ಟುಕೊಳ್ಳಿ. ನಿಮ್ಮ ನೆರೆಯಲ್ಲಿ ಓದುಬಾರದ ರೋಗಿಯಿದ್ದರೆ, ಅವರ ಗುಳಿಗೆಯ ಪಟ್ಟಿಯ ಮೇಲೆ ದಿನದ ಗುರುತನ್ನು ನೀವೇ ಹಾಕಿಕೊಡಿ.