ಸೋರುವ ಮಾಳಿಗೆಗೆ ಮೊದಲು ಗಾರೆ

ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಇವತ್ತು ಕಣ್ಣಿಗೆ ಬೀಳುವ ದೇವಸ್ಥಾನ ಆ ಒಂದೇ ಕಾಲದ್ದಲ್ಲ. ಮೊದಲು ಗಾಳಿ ಬೆಳಕಿಗೆ ತೆರೆದುಕೊಂಡಿದ್ದ ನವರಂಗಕ್ಕೆ ಜಾಲಂಧ್ರಗಳನ್ನೂ ಬಾಗಿಲನ್ನೂ ಕೂಡಿಸಿದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ದಾಳಿಯೊಂದರಲ್ಲಿ ಹಾಳಾದ ಮಹಾದ್ವಾರದ ಗೋಪುರವನ್ನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಎಬ್ಬಿಸಿದ. ಗರ್ಭಗುಡಿಯ ಮೇಲಿದ್ದ ಶಿಖರವನ್ನು 1879ರಲ್ಲಿ ಬಿಚ್ಚಿ ಇಳಿಸಿದರು, ಕೆಳಗಿನ ಕಟ್ಟಡವಾದರೂ ಉಳಿಯಲಿ ಎಂದು. 1930ರ ದಶಕದಲ್ಲಿ ಮೈಸೂರು ಸರ್ಕಾರ ಮತ್ತೊಮ್ಮೆ ದುರಸ್ತಿ ಮಾಡಿಸಿತು. ಒಂಬತ್ತು ಶತಮಾನ ಪೂಜೆ ನಡೆದ ಮನೆ ರಿಪೇರಿಯಿಲ್ಲದೆ ನಿಲ್ಲುವುದೂ ಇಲ್ಲ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು, ರಿಪೇರಿ ಮಾಡಿದವರು ತಮ್ಮ ಕಾಲವನ್ನು ಮುಚ್ಚಿಡಲಿಲ್ಲ ಎಂಬುದು. ಗುಂಡ ಕಟ್ಟಿಸಿದ ಗೋಪುರ ಹೊಯ್ಸಳರ ಕೆಲಸದಂತೆ ಕಾಣಲು ಹೆಣಗುವುದಿಲ್ಲ, ಅದು ವಿಜಯನಗರದ್ದೆಂದು ದೂರದಿಂದಲೇ ತಿಳಿಯುತ್ತದೆ. ಯಾರು, ಯಾವಾಗ ಮಾಡಿಸಿದರು ಎಂದು ಶಾಸನವನ್ನೂ ಹಾಕಿಸಿದರು.

ನಮ್ಮ ಹಳೆಯ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸುವುದು ಎಂದರ್ಥ. ದೇವರ ನೈವೇದ್ಯಕ್ಕೆ, ನಂದಾದೀಪಕ್ಕೆ ಭೂಮಿ ಬಿಟ್ಟವರೇ ಇದಕ್ಕೂ ಆ ಆದಾಯದಲ್ಲಿ ಪಾಲು ಹೇಳಿಬಿಡುತ್ತಿದ್ದರು. ಗುಡಿ ಕಟ್ಟುವಾಗಲೇ ಅದು ಮುಂದೊಂದು ದಿನ ಸೋರುತ್ತದೆ ಎಂದು ಅವರಿಗೆ ಗೊತ್ತಿತ್ತು. ದುರಸ್ತಿ ಅವರಿಗೆ ನಿತ್ಯದ ಖರ್ಚಾಗಿತ್ತು. ನಾವು ಅದನ್ನು ಐವತ್ತು ವರ್ಷಕ್ಕೊಮ್ಮೆ ಬರುವ ಉತ್ಸವ ಮಾಡಿಕೊಂಡಿದ್ದೇವೆ.

ನಡುವಿನ ಐವತ್ತು ವರ್ಷ ಏನಾಗುತ್ತದೆ ಎಂಬುದಕ್ಕೆ ಹಳೇಬೀಡಿನ ಕೇದಾರೇಶ್ವರ ಸಾಕ್ಷಿ. ಅದೇ ವೀರಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ 1219ರ ಸುಮಾರಿಗೆ ಕಟ್ಟಿಸಿದ ಈ ಗುಡಿಯ ಶಿಖರದಲ್ಲಿ ಒಂದು ಮರ ಬೇರು ಬಿಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೇರು ಕಲ್ಲುಗಳನ್ನು ಬಿಡಿಸಿ ಶಿಖರವನ್ನೇ ಕೆಡವಿತು. ಸಸಿಯಾಗಿದ್ದಾಗ ಕಿತ್ತುಹಾಕಲು ಒಬ್ಬ ಆಳು, ಒಂದು ಏಣಿ ಸಾಕಿತ್ತು.

ಈಗಿನ ಕಷ್ಟ ಬೇರೆ ಥರದ್ದು. ಊರಿನವರು ಭಕ್ತಿಯಿಂದಲೇ ಚಂದಾ ಎತ್ತುತ್ತಾರೆ. ಕೊಟ್ಟವರಿಗೆ ಹಣ ಎಲ್ಲಿ ಹೋಯಿತೆಂದು ಕಾಣಬೇಕು. ಮಾಳಿಗೆಯ ಗಾರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಟೈಲ್ಸ್ ಬೀಳುತ್ತದೆ. ಹೀಗಾಗಿ ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ಬಿರುಕಿಗೆ ಸಿಮೆಂಟ್. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಗುಲಿದ ಮೇಲೆ ಗಟ್ಟಿಯಾಗುವಂಥದ್ದು. ಪೇಂಟ್ ಕೆರೆಯಲೆಂದು ಯಂತ್ರದಿಂದ ಮರಳು ಊದಿದರೆ ಆ ಗಟ್ಟಿ ಮೈಯೇ ಸವೆದುಹೋಗುತ್ತದೆ, ಅದರ ಜೊತೆ ಶಾಸನದ ಅಕ್ಷರವೂ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಕಲ್ಲು ಹಿಂದಿನಿಂದ ಉಪ್ಪೊಡೆದು ಉದುರುತ್ತದೆ.

ಹಳೆಯದನ್ನು ಉಳಿಸಬೇಕು, ಬರುವ ಜನಕ್ಕೆ ಅನುಕೂಲವೂ ಆಗಬೇಕು; ಅರಸೀಕೆರೆಯಲ್ಲಿ ಈ ಪ್ರಶ್ನೆಯ ಎರಡೂ ಮುಖ ಹತ್ತಿರ ಹತ್ತಿರದಲ್ಲೇ ಇವೆ. ಪಟ್ಟಣದ ಈಶ್ವರ ದೇವಸ್ಥಾನ 1220ರ ಕಾಲದ್ದು, ಅದರ ಮುಂದಿನ ಹದಿನಾರು ಕೋನದ ನಕ್ಷತ್ರಾಕಾರದ ಮಂಟಪ ಹೊಯ್ಸಳರ ಕೆಲಸದಲ್ಲೂ ಅಪರೂಪ. ಅದು ಸಂರಕ್ಷಿತ ಸ್ಮಾರಕ; ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಂತೆ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಹತ್ತಿರದ ಬೆಟ್ಟದ ಮೇಲಿನ ಮಾಲೇಕಲ್ಲು ತಿರುಪತಿಯ ಕಥೆ ಬೇರೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ವೆಂಕಟರಮಣನನ್ನು ನೋಡಲು ಬರುವ ಅಜ್ಜಿಗೆ ಹಿಡಿದುಕೊಳ್ಳಲು ಕಂಬಿ ಬೇಕು, ನಡುವೆ ಕೂರಲು ನೆರಳು ಬೇಕು, ಕುಡಿಯಲು ನೀರು ಬೇಕು. ಆಷಾಢದ ತೇರಿಗೆ ಸೇರುವ ಜನಕ್ಕೆ ಶೌಚಾಲಯವೂ ಬೇಕು. ಇವನ್ನು ಬೇಡ ಎನ್ನುವವರು ಮೆಟ್ಟಿಲು ಹತ್ತಿ ಬಂದವರಲ್ಲ. ಆದರೆ ಕಂಬಿ ನೆಡಲು ಹಳೆಯ ಕಲ್ಲನ್ನೇ ಕೊರೆಯಬೇಕಿಲ್ಲ, ನೆರಳಿನ ಚಾವಣಿಯನ್ನು ಹಳೆಯ ಗೋಡೆಗೆ ಆನಿಸಬೇಕಿಲ್ಲ. ಹೊಸದು ಹೊಸದಾಗಿಯೇ ಪಕ್ಕದಲ್ಲಿ ನಿಲ್ಲಲಿ.

ಹೀಗೆ ಮಾಡಲು ಸಾಧ್ಯವೆಂದು ನಮ್ಮ ರಾಜ್ಯದಲ್ಲೇ ತೋರಿಸಿದವರಿದ್ದಾರೆ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಪುರಾತತ್ವ ಇಲಾಖೆಯೊಂದಿಗೆ ಸೇರಿ ಎಷ್ಟೋ ಪಾಳುಗುಡಿಗಳನ್ನು ಎತ್ತಿ ನಿಲ್ಲಿಸಿದೆ. ವಾಲಿದ ಗುಡಿಯ ಕಲ್ಲಿಗೆ ಕಲ್ಲಿಗೆ ನಂಬರು ಬರೆದು, ಬಿಚ್ಚಿ, ತಳಪಾಯ ಗಟ್ಟಿಮಾಡಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸುವ ಕೆಲಸ ಅದು. ನಿಧಾನ, ಆದರೆ ಗುಡಿ ತನ್ನದೇ ಮೈಯಲ್ಲಿ ಉಳಿಯುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವಕ್ಕೆ ಕಾವಲು ಸಿಕ್ಕಿತು. ಪಟ್ಟಿಯ ಹೊರಗಿರುವ ಊರಗುಡಿಗಳಿಗೆ ಕಾವಲು ಅಲ್ಲಿನ ಸಮಿತಿಯೇ. ಮುಂದಿನ ಸಭೆಯಲ್ಲಿ ಟೈಲ್ಸಿನ ಬಣ್ಣ ಆರಿಸುವ ಮೊದಲು ಅವರು ಒಮ್ಮೆ ಮಾಳಿಗೆ ಹತ್ತಲಿ. ಅರಳಿ ಸಸಿ ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಲಿ. ಹುಂಡಿಯ ಹಣದಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಅದಕ್ಕೆಂದೇ ತೆಗೆದಿಡುವ ನಿರ್ಣಯವನ್ನು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ.